ಬೈಸಿಕಲ್ ಪಂದ್ಯಾಳುಗಳ ಶ್ರೋಣಿಧಮನೀರೋಗ: ಅದರ ಪೂರ್ವೇತಿಹಾಸ

ರೋಗವು ಶರೀರದಲ್ಲಿ ಹುಟ್ಟುವುದಕ್ಕೂ ಶಾಸ್ತ್ರದಲ್ಲಿ ಅದಕ್ಕೊಂದು ಹೆಸರು ಹುಟ್ಟುವುದಕ್ಕೂ ನಡುವೆ ಬಹುಕಾಲ ಕಳೆಯುವುದುಂಟು. ಆ ನಡುವಣ ಕಾಲದಲ್ಲಿ ರೋಗಿಯು ನೋವನ್ನು ಮಾತ್ರವೇ ಅಲ್ಲದೆ ಅಪವಾದವನ್ನೂ ಹೊರಬೇಕಾಗುವುದು. ಹೆಸರಿಲ್ಲದ ಬೇನೆಯನ್ನು ಲೋಕವು ಬೇನೆಯೆಂದು ಒಪ್ಪುವುದಿಲ್ಲ. ಸೋಮಾರಿತನವೆಂದೋ, ಅಧೈರ್ಯವೆಂದೋ, ಮನಸ್ಸಿನ ವಿಕಾರವೆಂದೋ ಬಗೆಯುವುದು. ಬೈಸಿಕಲ್ ಪಂದ್ಯಗಳಲ್ಲಿ ವರ್ಷಗಟ್ಟಲೆ ಶ್ರಮಿಸುವ ತರುಣ ತರುಣಿಯರ ಶ್ರೋಣಿಧಮನಿಯಲ್ಲಿ ರಕ್ತಸಂಚಾರವು ಕುಂಠಿತವಾಗುವ ರೋಗವು ಇಂಥವುಗಳಲ್ಲೊಂದು. ಪಂದ್ಯಗಳು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮೊದಲಾದರೂ ಈ ರೋಗವನ್ನು ವೈದ್ಯರು ಗುರುತಿಸಿ ಬರೆದಿಟ್ಟುದು 1984ರಿಂದ ಈಚೆಗೆ. ಇಷ್ಟು ವಿಳಂಬಕ್ಕೆ ಕಾರಣವೇನು, ಯಾವ ಯಾವ ವಿದ್ಯೆಗಳು ಕೂಡಿಬಂದ ಮೇಲೆ ಅದು ಬೆಳಕಿಗೆ ಬಂದಿತು, ಕನ್ನಡ ನಾಡಿನ ಸವಾರರೂ ಅವರ ಗುರುಗಳೂ ಇದರಿಂದ ತಿಳಿಯತಕ್ಕದ್ದೇನು ಎಂಬುದನ್ನು ಕ್ರಮವಾಗಿ ವಿಚಾರಿಸುವುದು ಉಚಿತವಾಗಿದೆ.

ಕೊಪ್ಪಳ ಜಿಲ್ಲೆಯ ಹುಲಿಹೈದರದಂಥ ಊರಿನಲ್ಲಿ ಬೈಸಿಕಲ್ಲು ಪಂದ್ಯದ ಸಾಧನವಲ್ಲ, ಬಾಳುವೆಯ ಸಾಧನ. 1948ರವರೆಗೆ ನಿಜಾಮರ ಸಂಸ್ಥಾನಕ್ಕೆ ಸೇರಿದ್ದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದು, 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟ ಈ ಸೀಮೆಯಲ್ಲಿ ಹೊಲಕ್ಕೆ ಬುತ್ತಿ ಒಯ್ಯುವುದಕ್ಕೂ, ಹಾಲಿನ ಕ್ಯಾನು ಸಾಗಿಸುವುದಕ್ಕೂ, ಸಂತೆಗೂ ಶಾಲೆಗೂ ಹೋಗುವುದಕ್ಕೂ ಜನರು ಅದನ್ನು ಅವಲಂಬಿಸಿದರು. ಸರಕಾರವು 2006-07ನೆಯ ಸಾಲಿನಿಂದ ಹಲವು ವರ್ಷಗಳ ಕಾಲ ಎಂಟನೆಯ ಇಯತ್ತೆಯ ಮಕ್ಕಳಿಗೆ ಬೈಸಿಕಲ್ಲುಗಳನ್ನು ಹಂಚಿದುದರಿಂದ ಎಷ್ಟೋ ಹೆಣ್ಣುಮಕ್ಕಳ ಓದು ಮುಂದುವರಿಯಲು ಅನುಕೂಲವಾಯಿತು. ಇಂಥ ನಿತ್ಯದ ಸವಾರಿಯಿಂದ ಮುಂದೆ ಹೇಳುವ ರೋಗವು ಬರುವುದೆಂದು ಯಾರೂ ಅಂಜಬೇಕಾದುದಿಲ್ಲ. ಸವಾರಿಯು ಶರೀರಕ್ಕೆ ಹಿತವೇ ಸರಿ. ಆದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳು ಬಹುಕಾಲದಿಂದ ಬೈಸಿಕಲ್ ಪಂದ್ಯಾಳುಗಳ ತವರೆನಿಸಿವೆ. ಅಲ್ಲಿಯ ಒಕ್ಕಲು ಮನೆತನಗಳ ಮಕ್ಕಳು ಶಾಲೆಗೆ ತುಳಿದ ಬೈಸಿಕಲ್ಲನ್ನೇ ಮುಂದುವರಿಸಿ ರಾಜ್ಯದ ಮತ್ತು ದೇಶದ ಪಂದ್ಯಗಳನ್ನು ಗೆದ್ದಿರುವರು. ಆದುದರಿಂದ ಈ ವಿಚಾರವು ದೂರದ ಯುರೋಪಿನವರಿಗೆ ಮಾತ್ರ ಸೇರಿದುದೆಂದು ಕಡೆಗಣಿಸತಕ್ಕದ್ದಲ್ಲ.

ಮೊದಲು ಹೆಸರಿನ ವಿಚಾರ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಸಿರೆಗಳು 700, ಧಮನಿಗಳು 24 ಎಂಬ ಗಣನೆಯಿದೆ. ಧಮನಿಗಳಿಗೆ ನಾಭಿಯೇ ಮೂಲ. ಅವುಗಳಲ್ಲಿ ಹತ್ತು ಮೇಲಕ್ಕೂ ಹತ್ತು ಕೆಳಕ್ಕೂ ನಾಲ್ಕು ಅಡ್ಡಲಾಗಿಯೂ ಹರಿಯುವುವೆಂದು ಅಲ್ಲಿ ಹೇಳಿದೆ. ಧಮನಿಯೆಂಬ ಶಬ್ದವು ಊದುವುದೆಂಬ ಅರ್ಥದ ‘ಧ್ಮಾ’ ಧಾತುವಿನಿಂದ ಬಂದುದು. ಗ್ರೀಸಿನ ಎರಾಸಿಸ್ಟ್ರಾಟಸನೆಂಬ ಪ್ರಾಚೀನ ವೈದ್ಯನೂ ಧಮನಿಗಳಲ್ಲಿ ಹರಿಯುವುದು ರಕ್ತವಲ್ಲ, ವಾಯುವೇ ಎಂದು ನಂಬಿದ್ದನು. ಎರಡು ದೇಶಗಳ ಹಿರಿಯರು ಈ ನಾಳಗಳ ಸಂಬಂಧದಲ್ಲಿ ವಾಯುವನ್ನೇ ನೆನೆದುದು ಗಮನಾರ್ಹವಾದ ಸಾದೃಶ್ಯ. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಗೇಲೆನನು ಜೀವಂತ ಪ್ರಾಣಿಯ ಧಮನಿಯಲ್ಲಿ ರಕ್ತವಿರುವುದನ್ನು ತೋರಿಸಿದನು. ಆ ರಕ್ತವು ಹೃದಯದಿಂದ ಹೊರಟು ಶರೀರವನ್ನೆಲ್ಲ ಸುತ್ತಿ ಮರಳಿ ಹೃದಯಕ್ಕೇ ಬರುವುದೆಂಬುದನ್ನು 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆಯು ಪ್ರಮಾಣಪೂರ್ವಕವಾಗಿ ಸ್ಥಾಪಿಸಿದನು. ಸುಶ್ರುತನ ಧಮನಿಯೂ ಇಂದಿನ ಶಾರೀರಶಾಸ್ತ್ರದ ಆರ್ಟರಿಯೂ ಒಂದೇ ಎಂದು ಸಾಧಿಸಹೊರಡುವುದು ಎರಡು ಶಾಸ್ತ್ರಗಳಿಗೂ ಅನ್ಯಾಯ. ಹಳೆಯ ಶಬ್ದವನ್ನು ಹೊಸ ಅರ್ಥದಲ್ಲಿ ಎರವಲು ಪಡೆದಿದೆಯೆಂದು ಮಾತ್ರ ತಿಳಿದರೆ ಸಾಕು.

ಇಂದಿನ ಶಾಸ್ತ್ರದ ಪ್ರಕಾರ, ಹೃದಯದಿಂದ ಹೊರಟ ಮಹಾಧಮನಿಯು ಬೆನ್ನೆಲುಬಿನ ಮುಂದುಗಡೆಯಲ್ಲಿ ಇಳಿದುಬಂದು, ಹೊಕ್ಕುಳಿಗಿಂತ ತುಸು ಕೆಳಗೆ ಎರಡಾಗಿ ಕವಲೊಡೆಯುವುದು. ಇವೇ ಶ್ರೋಣಿಧಮನಿಗಳು, ಪಾಶ್ಚಾತ್ಯರು ಇವನ್ನು ಇಲಿಯಾಕ್ ಆರ್ಟರಿಗಳೆನ್ನುವರು. ಒಂದೊಂದೂ ಮತ್ತೆ ಎರಡಾಗಿ, ಒಂದು ಕವಲು ಶ್ರೋಣಿಯ ಒಳಗಣ ಅಂಗಗಳಿಗೆ ಹೋಗುವುದು. ಬಾಹ್ಯ ಶ್ರೋಣಿಧಮನಿಯೆಂಬ ಇನ್ನೊಂದು ಕವಲು ತೊಡೆಯ ಸಂದನ್ನು ದಾಟಿ, ತೊಡೆಯ ಧಮನಿಯಾಗಿ, ಇಡೀ ಕಾಲಿಗೆ ರಕ್ತವನ್ನು ಒಯ್ಯುವುದು. ತೊಡೆಯನ್ನು ಹೊಟ್ಟೆಯ ಕಡೆಗೆ ಎತ್ತುವ ಸೋಯಾಸ್ ಎಂಬ ದೊಡ್ಡ ಸ್ನಾಯುವಿನ ಮಗ್ಗುಲಲ್ಲಿಯೇ ಈ ಬಾಹ್ಯ ಧಮನಿಯ ದಾರಿ. ಮನುಷ್ಯನು ಕಾಲನ್ನು ಮಡಿಸಿದಾಗಲೆಲ್ಲ ಇದೂ ಬಾಗಬೇಕು. ರೋಗದ ಬೀಜವು ಈ ನೆರೆಹೊರೆಯಲ್ಲಿಯೇ ಇದೆ.

ಕಾಲಿಗೆ ರಕ್ತ ಸಾಲದೆ ಹೋದರೆ ಏನಾಗುವುದೆಂಬುದನ್ನು ವೈದ್ಯರಿಗೆ ಮೊದಲು ಕಲಿಸಿದುದು ಮನುಷ್ಯನಲ್ಲ, ಕುದುರೆ. ಅಶ್ವಚಿಕಿತ್ಸೆಯು ಭಾರತಕ್ಕೆ ಹೊಸದಲ್ಲ. ಶಾಲಿಹೋತ್ರನ ಹೆಸರು ಪ್ರಸಿದ್ಧವಾಗಿಯೇ ಇದೆ. ಕನ್ನಡದಲ್ಲಿಯೂ ಅಭಿನವಚಂದ್ರನೆಂಬ ಕವಿಯು ಅಶ್ವವೈದ್ಯವನ್ನು ಕುರಿತು ಗ್ರಂಥವನ್ನು ರಚಿಸಿದನು. ಆನೆಗೊಂದಿ ವಿಜಯನಗರಗಳ ಅರಸರು ಕಡಲಾಚೆಯಿಂದ ಕುದುರೆಗಳನ್ನು ತರಿಸಲು ಅಪಾರ ಧನವನ್ನು ವ್ಯಯಿಸಿದ ಈ ಸೀಮೆಗೆ ಅಂಥ ಗ್ರಂಥಗಳ ಬೆಲೆಯನ್ನು ವಿವರಿಸಬೇಕಾದುದಿಲ್ಲ. ಪ್ರಕೃತ ವಿಷಯಕ್ಕೆ ಸಂಬಂಧಿಸಿದ ಕುದುರೆಯಾದರೋ ಫ್ರಾನ್ಸಿನದು. ನಿಂತಾಗ ಅದಕ್ಕೆ ಯಾವ ದೋಷವೂ ಇಲ್ಲ. ಗಾಡಿಗೆ ಹೂಡಿ ಓಡಿಸಿದರೆ ಸ್ವಲ್ಪ ಹೊತ್ತಿನಲ್ಲಿಯೇ ಹಿಂಗಾಲು ಕುಂಟುವುದು. ನಿಲ್ಲಿಸಿ ವಿಶ್ರಾಂತಿ ಕೊಟ್ಟರೆ ಮತ್ತೆ ಸರಿಯಾಗುವುದು. ಬೂಲೇ ಎಂಬ ಪಶುವೈದ್ಯನು ಇದನ್ನು ಪರಿಶೀಲಿಸಿ, ಕಾಲಿನ ಧಮನಿಯು ಮುಚ್ಚಿಹೋಗಿರುವುದೇ ಇದಕ್ಕೆ ಕಾರಣವೆಂದು 1831ರಲ್ಲಿ ಪ್ರಕಟಿಸಿದನು. 1858ರಲ್ಲಿ ಪ್ಯಾರಿಸಿನ ಶಾರ್ಕೋ ಎಂಬ ವೈದ್ಯನು, ಹಿಂದೆ ಗುಂಡೇಟು ತಿಂದಿದ್ದ ಒಬ್ಬ ಸೈನಿಕನಲ್ಲಿ ಇದೇ ಲಕ್ಷಣಗಳನ್ನು ಕಂಡನು. ಆ ಸೈನಿಕನ ಶ್ರೋಣಿಧಮನಿಯೇ ಕೆಟ್ಟಿತ್ತು. ಬಿಟ್ಟುಬಿಟ್ಟು ಬರುವ ಕುಂಟುವಿಕೆ ಎಂದು ಅರ್ಥವಾಗುವ ಹೆಸರು ಕುದುರೆಯಿಂದ ಮನುಷ್ಯನಿಗೆ ವರ್ಗವಾದುದು ಹೀಗೆ.

ಈ ಲಕ್ಷಣದ ವೈಚಿತ್ರ್ಯವನ್ನು ಬಿಡಿಸಿ ನೋಡಬೇಕು. ಧಮನಿಯು ಕಿರಿದಾದರೆ ಕಾಲು ಸದಾ ನೋಯಬೇಡವೇ? 1796ರಲ್ಲಿ ಲಂಡನ್ನಿನ ಜಾನ್ ಅಬರ್ನೆಥಿಯು ತೊಡೆಸಂದಿನ ಧಮನಿಯ ಗಂಟಿಗೆ ಚಿಕಿತ್ಸೆಯಾಗಿ ಬಾಹ್ಯ ಶ್ರೋಣಿಧಮನಿಗೇ ದಾರದಿಂದ ಕಟ್ಟುಹಾಕಿದನು. ಅಂಥ ಶಸ್ತ್ರಕರ್ಮಗಳಿಂದ ಕಾಲಕ್ರಮದಲ್ಲಿ ತಿಳಿದುಬಂದುದೇನೆಂದರೆ, ದೊಡ್ಡ ದಾರಿ ಮುಚ್ಚಿದರೂ ಸುತ್ತಲಿನ ಸಣ್ಣ ಕವಲುಗಳು ಹಿಗ್ಗಿ ಕಾಲನ್ನು ಬದುಕಿಸಬಲ್ಲವು ಎಂಬುದು. ಆದರೆ ಬದುಕಿಸುವುದು ಬೇರೆ, ದುಡಿಸುವುದು ಬೇರೆ. ತುಂಗಭದ್ರೆಯ ಎಡದಂಡೆ ಕಾಲುವೆಯ ಕೊನೆಯ ಭಾಗದ ರೈತರಿಗೆ ಈ ನ್ಯಾಯವು ಚೆನ್ನಾಗಿ ಗೊತ್ತು. ಬೇಡಿಕೆಯಿಲ್ಲದ ದಿನಗಳಲ್ಲಿ ಅಲ್ಲಿಗೂ ನೀರು ಬರುವುದು. ಎಲ್ಲ ಗದ್ದೆಗಳಲ್ಲಿಯೂ ಒಮ್ಮೆಗೇ ಭತ್ತದ ನಾಟಿ ನಡೆಯುವಾಗ ಕೊನೆಯ ಹೊಲ ಒಣಗುವುದು. ಹಾಗೆಯೇ ವಿಶ್ರಾಂತಿಯಲ್ಲಿರುವ ಕಾಲಿಗೆ ಅಲ್ಪ ರಕ್ತವೇ ಸಾಕು. ಪೂರ್ಣ ಶಕ್ತಿಯಿಂದ ದುಡಿಯುವ ಕಾಲಿಗೆ ಅದರ ಹತ್ತು ಮಡಿಗೂ ಮಿಕ್ಕು ಬೇಕು. ಕಿರಿದಾದ ಧಮನಿಯು ಮೊದಲನೆಯದನ್ನು ಪೂರೈಸಿ, ಎರಡನೆಯದಕ್ಕೆ ಸೋಲುವುದು. ಆದುದರಿಂದಲೇ ನೋವು ಶ್ರಮದಲ್ಲಿ ಬಂದು ವಿಶ್ರಾಂತಿಯಲ್ಲಿ ಹೋಗುವುದು. ಆದುದರಿಂದಲೇ ಮಂಚದ ಮೇಲೆ ಮಲಗಿಸಿ ಪರೀಕ್ಷಿಸುವ ವೈದ್ಯನಿಗೆ ಏನೂ ಕಾಣಿಸದು.

ಇನ್ನು ಬೈಸಿಕಲ್ಲಿನ ಕಥೆ. 1817ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಡ್ರೈಸನು ನೆಲವನ್ನು ಕಾಲಿನಿಂದ ಒದೆಯುತ್ತ ಸಾಗುವ ಇಗ್ಗಾಲಿಯನ್ನು ಮಾಡಿದನು. 1860ರ ದಶಕದಲ್ಲಿ ಪ್ಯಾರಿಸಿನಲ್ಲಿ ಅದಕ್ಕೆ ಪೆಡಲುಗಳು ಬಂದುವು. 1885ರಲ್ಲಿ ಇಂಗ್ಲೆಂಡಿನ ಸ್ಟಾರ್ಲೆಯು ಎರಡು ಸಮಪ್ರಾಯದ ಗಾಲಿಗಳೂ ಸರಪಳಿಯೂ ಉಳ್ಳ ರೋವರ್ ಬೈಸಿಕಲ್ಲನ್ನು ಹೊರತಂದನು. ಇಂದಿನ ಬೈಸಿಕಲ್ಲುಗಳ ಕಟ್ಟು ಅದರದೇ. 1888ರಲ್ಲಿ ಬೆಲ್‌ಫಾಸ್ಟಿನ ಡನ್‌ಲಪ್ಪನು ಗಾಳಿ ತುಂಬಿದ ರಬ್ಬರಿನ ಟಯರಿಗೆ ಪೇಟೆಂಟು ಪಡೆದನು. ಈ ಡನ್‌ಲಪ್ಪನೂ ವೃತ್ತಿಯಿಂದ ಪಶುವೈದ್ಯನೇ. ಒಬ್ಬ ಪಶುವೈದ್ಯನು ಕುಂಟುವ ಕುದುರೆಯಲ್ಲಿ ರೋಗದ ತತ್ತ್ವವನ್ನು ಕಂಡನು. ಇನ್ನೊಬ್ಬ ಪಶುವೈದ್ಯನು ಆ ರೋಗಕ್ಕೆ ಎಡೆಗೊಡುವ ವೇಗವನ್ನು ಅರಿಯದೆಯೇ ಮನುಷ್ಯನ ಕಾಲಿಗೆ ಕೊಟ್ಟನು. 1903ರಲ್ಲಿ ಫ್ರಾನ್ಸಿನ ಸುತ್ತು ಪಂದ್ಯವು ಮೊದಲಾದ ಮೇಲೆ, ದಿನಕ್ಕೆ ನೂರಾರು ಮೈಲಿ ತುಳಿಯುವುದು ಒಂದು ವೃತ್ತಿಯಾಗಿಯೇ ನಿಂತಿತು.

ಪಂದ್ಯದ ಸವಾರನು ಗಾಳಿಯನ್ನು ಸೀಳುವುದಕ್ಕಾಗಿ ಬೆನ್ನನ್ನು ಬಗ್ಗಿಸಿ, ಎದೆಯನ್ನು ಹ್ಯಾಂಡಲಿನ ಮಟ್ಟಕ್ಕೆ ತಂದು, ತೊಡೆಗಳು ಹೊಟ್ಟೆಯ ಹತ್ತಿರ ಬರುವಂತೆ ತುಳಿಯುವನು. ನಿಮಿಷಕ್ಕೆ 90 ಸುತ್ತಿನಂತೆ ಗಂಟೆಗೆ 5,400. ನಾಲ್ಕು ಗಂಟೆಗಳಲ್ಲಿ 21,600. ಯೋಗಶಾಸ್ತ್ರವನ್ನು ಬಲ್ಲ ವಾಚಕರಿಗೆ ಈ ಸಂಖ್ಯೆಯು ಪರಿಚಿತವಾದುದೇ. ಒಂದು ಅಹೋರಾತ್ರದಲ್ಲಿ ಮನುಷ್ಯನು ಬಿಡುವ ಉಸಿರುಗಳೆಂದು ಸಂಪ್ರದಾಯವು ಎಣಿಸಿದುದೂ 21,600ನ್ನೇ. ಹಗಲಿರುಳಿನ ಉಸಿರುಗಳಷ್ಟು ಸಲ ಒಂದೊಂದು ಶ್ರೋಣಿಧಮನಿಯೂ ಕೇವಲ ನಾಲ್ಕು ಗಂಟೆಗಳಲ್ಲಿ ಬಾಗಿ ನಿಗುರುವುದೆಂದರೆ, ಅದೂ ರಕ್ತವು ಪ್ರವಾಹದಂತೆ ನುಗ್ಗುತ್ತಿರುವಾಗ, ಹೀಗೆ ವರ್ಷಕ್ಕೆ ಸಾವಿರಾರು ಮೈಲಿ ನಡೆದರೆ, ಅದರ ಗೋಡೆಯು ಸವೆತಕ್ಕೆ ಸಿಕ್ಕುವುದು ಆಶ್ಚರ್ಯವಲ್ಲ. ಅದು ಬಾಧೆಪಡದೆ ಉಳಿಯುವವರೇ ಹೆಚ್ಚಾಗಿರುವುದು ಪ್ರಕೃತಿಯ ಔದಾರ್ಯ.

ಹಾಗಾದರೆ ನೂರು ವರ್ಷಗಳ ಪಂದ್ಯಗಳಲ್ಲಿ ಇದು ಯಾರ ಕಣ್ಣಿಗೂ ಬೀಳಲಿಲ್ಲವೇಕೆ? ಕಾರಣಗಳು ಎರಡು. ಒಂದು, ನೋಡುವ ಸಾಧನವಿರಲಿಲ್ಲ. ಜೀವಂತ ಮನುಷ್ಯನ ಧಮನಿಯು ಬಹುಕಾಲ ವೈದ್ಯನ ಬೆರಳಿಗೆ ಮಾತ್ರ ಗೋಚರವಾಗಿತ್ತು. ಪೋರ್ಚುಗಲ್ಲಿನ ಲಿಸ್ಬನ್ ನಗರದಲ್ಲಿ 1927ರಲ್ಲಿ ಎಗಾಸ್ ಮೋನಿಸನು ಮಿದುಳಿನ ಧಮನಿಗಳನ್ನೂ, 1929ರಲ್ಲಿ ರೇನಾಲ್ಡೊ ದೋಸ್ ಸಾಂತೋಸನು ಮಹಾಧಮನಿಯನ್ನೂ ಎಕ್ಸ್‌ರೇ ಕಿರಣಗಳಲ್ಲಿ ಕಾಣುವಂತೆ ಮಾಡಿದರು. ಡಾಪ್ಲರನು 1842ರಲ್ಲಿ ಜೋಡಿ ನಕ್ಷತ್ರಗಳ ಬಣ್ಣವನ್ನು ವಿವರಿಸುವುದಕ್ಕಾಗಿ ಹೇಳಿದ ತತ್ತ್ವವು, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಶಬ್ದತರಂಗಗಳಿಂದ ರಕ್ತದ ವೇಗವನ್ನು ಅಳೆಯುವ ಉಪಕರಣವಾಗಿ ಒದಗಿತು. ಎರಡನೆಯ ಕಾರಣವು ಇನ್ನೂ ಬಲವಾದುದು: ನೋಡಬೇಕೆಂಬ ಬುದ್ಧಿಯೇ ಹುಟ್ಟಲಿಲ್ಲ. ಧಮನಿ ಕಟ್ಟುವುದು ಮುದುಕರ ರೋಗ, ಧೂಮಪಾನಿಗಳ ರೋಗ ಎಂಬುದು ರೂಢವಾದ ಅಭಿಪ್ರಾಯ. ಇಪ್ಪತ್ತೈದು ವರ್ಷದ, ತಂಬಾಕನ್ನು ಮುಟ್ಟದ, ಬೆಟ್ಟಗಳನ್ನು ಹತ್ತಿಳಿಯುವ ಯುವಕನಿಗೆ ಅದು ಬಂದೀತೆಂದು ಯಾರು ಶಂಕಿಸುವರು? ಸೊಂಟದ ನರವೆಂದರು, ಸ್ನಾಯು ಉಳುಕಿತೆಂದರು, ಸಾಮರ್ಥ್ಯ ಮುಗಿಯಿತೆಂದರು.

1984-85ರಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಡರ್, ಮೋಸಿಮಾನ್ ಮೊದಲಾದ ಶಸ್ತ್ರವೈದ್ಯರು ಬೈಸಿಕಲ್ ಪಂದ್ಯಾಳುಗಳ ಬಾಹ್ಯ ಶ್ರೋಣಿಧಮನಿಯು ಒಳಗಿನಿಂದ ದಪ್ಪಗಾಗಿ ಕಿರಿದಾಗಿರುವುದನ್ನು ಕಂಡು ಪ್ರಕಟಿಸಿದರು. 1986ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ಶೆವಾಲಿಯೆ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಪಂದ್ಯದ ಸವಾರರ ಪ್ರತ್ಯೇಕ ರೋಗವೆಂದು ವಿವರಿಸಿ ಬರೆದರು. ಎಂಡೋಫೈಬ್ರೋಸಿಸ್, ಅಂದರೆ ಧಮನಿಯ ಒಳಪದರದ ತಂತುವೃದ್ಧಿ ಎಂಬ ಹೆಸರು ರೂಢಿಗೆ ಬಂದಿತು. ಮುದುಕರ ಧಮನಿಯಲ್ಲಿ ಕೂಡುವ ಕೊಬ್ಬೂ ಸುಣ್ಣವೂ ಇದರಲ್ಲಿ ಪ್ರಧಾನವಲ್ಲ. ಒಳಪದರದಲ್ಲಿ ನಾರಿನಂಥ ಧಾತುವು ಬೆಳೆದು ದಾರಿಯನ್ನು ಕಿರಿದು ಮಾಡುವುದು. ಕೆಲವರಲ್ಲಿ ಸೋಯಾಸ್ ಸ್ನಾಯುವಿಗೆ ಹೋಗುವ ಸಣ್ಣ ಕವಲೊಂದು ಧಮನಿಯನ್ನು ಕಟ್ಟಿಹಾಕಿದಂತೆ ಹಿಡಿದಿರುವುದು. ಕೆಲವರಲ್ಲಿ ಧಮನಿಯು ಉದ್ದವಾಗಿ, ತೊಡೆ ಮಡಿಸಿದಾಗ ತೋಟಕ್ಕೆ ನೀರು ಬಿಡುವ ಕೊಳವೆಯಂತೆ ನುಲಿದುಕೊಳ್ಳುವುದು. ಅನಂತರ ಫ್ರಾನ್ಸಿನ ಆಂಜೆ ನಗರದಲ್ಲಿ ಅಬ್ರಹಾಂ ಮತ್ತು ಅವರ ಸಂಗಡಿಗರೂ, ನೆದರ್ಲೆಂಡ್ಸಿನಲ್ಲಿ ಶೆಪ್, ಬೆಂಡರ್ ಮೊದಲಾದವರೂ ಪರೀಕ್ಷಾಕ್ರಮಗಳನ್ನು ಶೋಧಿಸಿದರು. ಅಗ್ರಶ್ರೇಣಿಯ ಸವಾರರಲ್ಲಿ ಐವರಿಗೊಬ್ಬರಂತೆ ಈ ಬಗೆಯ ರಕ್ತಾವರೋಧವಿರಬಹುದೆಂಬುದು ನೆದರ್ಲೆಂಡ್ಸಿನ ಸಂಶೋಧಕರ ಅಂದಾಜು. 2016ರಲ್ಲಿ ನಾನಾ ದೇಶಗಳ ತಜ್ಞರು ಕೂಡಿ ರೋಗದ ನಿರ್ಣಯ ಮತ್ತು ಚಿಕಿತ್ಸೆಗಳ ವಿಷಯದಲ್ಲಿ ಒಮ್ಮತದ ಹೇಳಿಕೆಯನ್ನು ಹೊರಡಿಸಿದರು.

ಲಕ್ಷಣಗಳು ಹೀಗೆ. ಪಂದ್ಯದ ಕಡೆಯ ವೇಗದಲ್ಲಿಯೋ ಏರುದಾರಿಯಲ್ಲಿಯೋ, ಹೆಚ್ಚಾಗಿ ಒಂದೇ ಕಾಲಿನ ತೊಡೆ, ನಿತಂಬ ಅಥವಾ ಮೀನಖಂಡದಲ್ಲಿ ನೋವು; ಕಾಲು ಬಿಗಿದು ಊದಿದಂತೆ ತೋರುವುದು; ಬಲ ಉಡುಗುವುದು; ಕೆಲವೊಮ್ಮೆ ಪಾದ ಮರಗಟ್ಟುವುದು. ತುಳಿಯುವುದನ್ನು ನಿಲ್ಲಿಸಿದ ಕೆಲವು ನಿಮಿಷಗಳಲ್ಲಿ ಎಲ್ಲವೂ ಮಾಯ. ಸಾಧಾರಣ ವೇಗದಲ್ಲಿ ಏನೂ ಇಲ್ಲ. ಪರೀಕ್ಷೆಯ ಗುಟ್ಟು ಬೂಲೇಯ ಕುದುರೆಯಲ್ಲಿಯೇ ಇತ್ತು: ದುಡಿಸಿ ನೋಡಬೇಕು. ಸವಾರನನ್ನು ಪಂದ್ಯದ ಭಂಗಿಯಲ್ಲಿ, ನೋವು ಬರುವವರೆಗೂ, ಪೂರ್ಣ ಶಕ್ತಿಯಿಂದ ತುಳಿಯಿಸಿ, ನಿಲ್ಲಿಸಿದ ಮೊದಲ ನಿಮಿಷದಲ್ಲಿಯೇ ಎರಡು ಕಾಲುಗಳ ಹರಡಿನಲ್ಲಿಯೂ ತೋಳಿನಲ್ಲಿಯೂ ರಕ್ತದ ಒತ್ತಡವನ್ನು ಅಳೆದು ಹೋಲಿಸುವರು. ಕೆಟ್ಟ ಕಾಲಿನ ಒತ್ತಡವು ಬಹಳವಾಗಿ ಕುಸಿದಿರುವುದು; ಕೆಲವು ನಿಮಿಷ ತಡಮಾಡಿದರೆ ಅದು ಮರಳಿ ಏರಿ, ಸಾಕ್ಷ್ಯವೇ ಅಳಿದುಹೋಗುವುದು. ಅನಂತರ ತೊಡೆಯನ್ನು ಮಡಿಸಿಯೂ ನಿಗುರಿಸಿಯೂ ಡಾಪ್ಲರ್ ಉಪಕರಣದಿಂದಲೂ, ಧಮನಿಗಳ ಚಿತ್ರಣದಿಂದಲೂ ನಿಶ್ಚಯಿಸಿಕೊಳ್ಳುವರು.

ಚಿಕಿತ್ಸೆಯ ಚರಿತ್ರೆಯಲ್ಲಿಯೂ ಲಿಯೋನ್ ನಗರಕ್ಕೆ ವಿಶೇಷ ಸ್ಥಾನವುಂಟು. 1894ರಲ್ಲಿ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೋ ಅದೇ ನಗರದಲ್ಲಿ ಚೂರಿಯ ಇರಿತಕ್ಕೆ ಸಿಕ್ಕಿ, ಕಡಿದ ರಕ್ತನಾಳವನ್ನು ಹೊಲಿಯಬಲ್ಲವರಿಲ್ಲದೆ ಮೃತನಾದನು. ಅಲ್ಲಿಯ ಯುವವೈದ್ಯ ಅಲೆಕ್ಸಿಸ್ ಕಾರೆಲನು ರಕ್ತನಾಳಗಳನ್ನು ಹೊಲಿಯುವ ವಿದ್ಯೆಯನ್ನು ಸಾಧಿಸಿ 1902ರಲ್ಲಿ ಪ್ರಕಟಿಸಿದನು; 1912ರಲ್ಲಿ ಅವನಿಗೆ ನೊಬೆಲ್ ಬಹುಮಾನವು ದೊರೆಯಿತು. ರೇಷ್ಮೆಗೆ ಹೆಸರಾದ ಆ ಪಟ್ಟಣದ ಕಸೂತಿಗಾರ್ತಿಯೊಬ್ಬಳಿಂದ ಅವನು ಸೂಕ್ಷ್ಮವಾದ ಹೊಲಿಗೆಯನ್ನು ಕಲಿತನೆಂದು ಹೇಳುವುದುಂಟು. 1946ರಲ್ಲಿ ರೇನಾಲ್ಡೊನ ಮಗ ಜುವಾಂವ್ ಸಿದ್ ದೋಸ್ ಸಾಂತೋಸನು ಧಮನಿಯನ್ನು ಸೀಳಿ ಕೆಟ್ಟ ಒಳಪದರವನ್ನು ಸುಲಿದು ತೆಗೆಯುವ ಕ್ರಮವನ್ನೂ, 1948ರಲ್ಲಿ ಪ್ಯಾರಿಸಿನ ಕುನ್ಲಿನನು ರೋಗಿಯ ಸಿರೆಯನ್ನೇ ಬಳಸಿ ಅಡ್ಡದಾರಿ ಕಟ್ಟುವ ಕ್ರಮವನ್ನೂ ತೋರಿಸಿದರು. ತಂದೆಯು ಧಮನಿಯನ್ನು ನೋಡುವ ಬಗೆಯನ್ನು ಕಂಡುಹಿಡಿದನು, ಮಗನು ಅದನ್ನು ಶುದ್ಧಿಮಾಡುವ ಬಗೆಯನ್ನು. ಸವಾರರ ರೋಗಕ್ಕೆ ಇಂದು ಮಾಡುವ ಶಸ್ತ್ರಚಿಕಿತ್ಸೆಯು ಈ ಮೂವರ ವಿದ್ಯೆಯಿಂದಲೇ ಕೂಡಿದುದು: ಧಮನಿಯನ್ನು ಬಂಧನದಿಂದ ಬಿಡಿಸುವುದು, ದಪ್ಪಗಾದ ಒಳಪದರವನ್ನು ತೆಗೆದು ಸಿರೆಯ ತೇಪೆ ಹಚ್ಚುವುದು, ಅಗತ್ಯವಿದ್ದರೆ ಬೇರೆ ನಾಳವನ್ನು ಜೋಡಿಸುವುದು. ಹೃದ್ರೋಗಿಗಳಿಗೆ ಹಾಕುವ ಸ್ಟೆಂಟನ್ನು ಇಲ್ಲಿ ತಜ್ಞರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಸದಾ ಬಾಗುವ ಎಡೆಯಲ್ಲಿ ಲೋಹದ ಜಾಲರಿಯು ಮುರಿಯುವ ಮತ್ತು ಧಮನಿಯನ್ನು ಕೆಡಿಸುವ ಭಯವುಂಟು.

ಶಸ್ತ್ರಚಿಕಿತ್ಸೆಯ ಫಲವು ಎಲ್ಲರಿಗೂ ಒಂದೇ ಸಮನಾಗಿಲ್ಲ. ಆಸ್ಟ್ರೇಲಿಯದ ಸ್ಟುವರ್ಟ್ ಓ’ಗ್ರೇಡಿಯು 2002ರಲ್ಲಿ ಚಿಕಿತ್ಸೆ ಪಡೆದು, 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಸುವರ್ಣಪದಕವನ್ನೂ 2007ರಲ್ಲಿ ಪ್ಯಾರಿಸ್-ರೂಬೆ ಪಂದ್ಯವನ್ನೂ ಗೆದ್ದನು. ಫ್ರಾನ್ಸಿನ ಪೋಲೀನ್ ಫೆರಾಂ-ಪ್ರೇವೊ ಎಂಬ ಸವಾರಿಣಿಯು 2019ರಲ್ಲಿ ಚಿಕಿತ್ಸೆಗೊಳಗಾಗಿ, 2024ರ ಪ್ಯಾರಿಸ್ ಒಲಿಂಪಿಕ್ಸಿನ ಬೆಟ್ಟದ ಬೈಸಿಕಲ್ ಪಂದ್ಯದಲ್ಲಿ ಸುವರ್ಣಪದಕವನ್ನು ಗಳಿಸಿ, 2025ರಲ್ಲಿ ಮಹಿಳೆಯರ ಫ್ರಾನ್ಸ್ ಸುತ್ತು ಪಂದ್ಯದಲ್ಲಿ ಅಗ್ರಸ್ಥಾನವನ್ನು ಪಡೆದಳು. 2015ರಲ್ಲಿ ಸ್ಪೇನಿನ ಸುತ್ತು ಪಂದ್ಯವನ್ನು ಗೆದ್ದಿದ್ದ ಇಟಲಿಯ ಫಾಬಿಯೊ ಆರೂ ಎಂಬವನು 2019ರಲ್ಲಿ ಇದೇ ಚಿಕಿತ್ಸೆಯನ್ನು ಪಡೆದರೂ, ಮೊದಲಿನ ದರ್ಜೆಯ ಜಯವು ಮರಳಿ ಲಭಿಸದೆ 2021ರಲ್ಲಿ ನಿವೃತ್ತನಾದನು. ದೊಡ್ಡ ಧಮನಿಯ ಮೇಲಿನ ಶಸ್ತ್ರಕರ್ಮವು ಪ್ರಾಣಾಪಾಯದಿಂದ ಸಂಪೂರ್ಣವಾಗಿ ದೂರವಾದುದಲ್ಲ. ಆದುದರಿಂದ ಪಂದ್ಯದ ಆಸೆಯನ್ನು ಬಿಡಬಲ್ಲವನಿಗೆ ವೈದ್ಯರು ಮೊದಲು ಹೇಳುವುದು ಸವಾರಿಯನ್ನು ತಗ್ಗಿಸುವುದನ್ನು, ಹ್ಯಾಂಡಲನ್ನು ಎತ್ತರಿಸಿ ಸೊಂಟದ ಬಾಗುವಿಕೆಯನ್ನು ಕಡಮೆಮಾಡುವುದನ್ನು. ಮೆಲ್ಲನೆಯ ಸವಾರಿಯಲ್ಲಿ ನೋವಿಲ್ಲದಿದ್ದರೆ ಅನೇಕರಿಗೆ ಅಷ್ಟೇ ಸಾಕಾಗುವುದು.

ಆದರೆ ಬಿಡುವುದಕ್ಕೂ ಹಿಡಿಯುವುದಕ್ಕೂ ಮೊದಲು ತಿಳಿಯುವುದು ಬೇಕು. ಒಕ್ಕಲು ಮನೆತನದ ಹುಡುಗನೊಬ್ಬನಿಗೆ ಬೈಸಿಕಲ್ ಪಂದ್ಯವೆಂದರೆ ಕೇವಲ ವಿನೋದವಲ್ಲ. ಕ್ರೀಡಾನಿಲಯದಲ್ಲಿ ಅನ್ನ, ಓದು, ಮುಂದೆ ರೈಲ್ವೆಯಲ್ಲಿಯೋ ಸೈನ್ಯದಲ್ಲಿಯೋ ಒಂದು ಕೆಲಸದ ಆಸೆ, ಇವೆಲ್ಲವೂ ಆ ಎರಡು ಕಾಲುಗಳನ್ನು ನೆಚ್ಚಿಕೊಂಡಿರುವುವು. ಅಂಥವನು ಏರಿನಲ್ಲಿ ಪ್ರತಿಸಲವೂ ಅದೇ ಒಂದು ಕಾಲು ಸೋಲುವುದೆಂದು ಹೇಳಿದಾಗ, ನಿಂತೊಡನೆ ನೋವು ಹೋಗುವುದೆಂಬ ಮಾತನ್ನೇ ಹಿಡಿದು ನೆಪವೆಂದು ತಳ್ಳಿಹಾಕುವುದು ಸುಲಭ. ಮೇಲಿನ ಚರಿತ್ರೆಯೆಲ್ಲವೂ ಹೇಳುವುದು ಇದಕ್ಕೆ ವಿರುದ್ಧವಾದುದನ್ನು: ನಿಂತೊಡನೆ ಹೋಗುವುದೇ ರೋಗದ ಗುರುತು. ಗುರುವು ಕೇಳಬೇಕಾದ ಪ್ರಶ್ನೆಗಳು ನಾಲ್ಕೇ: ಸದಾ ಒಂದೇ ಕಾಲೇ? ಅತಿಶ್ರಮದಲ್ಲಿ ಮಾತ್ರವೇ? ನಿಲ್ಲಿಸಿದ ಕೆಲವು ನಿಮಿಷಗಳಲ್ಲಿ ಹೋಗುವುದೇ? ತಿಂಗಳುಗಳಿಂದ ಹೆಚ್ಚುತ್ತಿರುವುದೇ? ನಾಲ್ಕಕ್ಕೂ ಹೌದೆಂಬ ಉತ್ತರ ಬಂದರೆ, ರಕ್ತನಾಳಗಳ ವಿಷಯವನ್ನು ಬಲ್ಲ ವೈದ್ಯರ ಬಳಿಗೆ ಕಳುಹಿಸಿ, ತುಳಿಯಿಸಿ ಪರೀಕ್ಷಿಸಬೇಕೆಂದು ಕೇಳಿಕೊಳ್ಳತಕ್ಕದ್ದು. ಎಲ್ಲ ಕಾಲುನೋವೂ ಈ ರೋಗವಲ್ಲ. ಬಹುಪಾಲು ಸ್ನಾಯುವಿನದೋ ಸೊಂಟದ ನರದ್ದೋ ಇರುವುದು. ಆದರೂ ಕೇಳುವುದಕ್ಕೆ ವೆಚ್ಚವಿಲ್ಲ.

ಮಾತು ಬಾರದ ಕುದುರೆಯ ಕುಂಟನ್ನು ಒಬ್ಬ ಪಶುವೈದ್ಯನು ನೆಪವೆಂದು ಬಗೆಯದೆ, ಚಾಟಿಯನ್ನು ಬದಿಗಿರಿಸಿ ಕಾರಣವನ್ನು ಹುಡುಕಿದನು. ಮಾತು ಬಲ್ಲ ಮಕ್ಕಳು ತಮ್ಮ ಕಾಲಿನ ವಿಷಯವಾಗಿ ಹೇಳುವುದನ್ನು ಹಿರಿಯರು ಅಷ್ಟೇ ಆದರದಿಂದ ಕೇಳುವುದಾದರೆ, ಕೊಪ್ಪಳದ ಸೀಮೆಯಲ್ಲಾಗಲಿ ವಿಜಯಪುರದ ಸೀಮೆಯಲ್ಲಾಗಲಿ ಯಾವ ಸವಾರನೂ ಹೆಸರಿಲ್ಲದ ಬೇನೆಯ ಅಪವಾದವನ್ನು ಹೊತ್ತು ಪಂದ್ಯದಿಂದ ಹಿಂದೆ ಸರಿಯಬೇಕಾಗಲಾರದು.